ನೇರಳೆ ಬಿಟ್ಟವಳಿಗೆ ನೀಲಿ ಹಣ್ಣು

ನನ್ನ ತಂಗಿಯ ಮನೆಯ ಫ್ರೀಜರಿನ ಬಾಗಿಲು ತೆರೆದಾಗ ಬೇರೆಯವರಿಗೆ ತಣ್ಣಗಾಗುತ್ತದೆ, ನನಗೆ ಮೈಯೆಲ್ಲ ಉರಿಯುತ್ತದೆ. ಹೊಟ್ಟೆಕಿಚ್ಚು, ಬೇರೇನಲ್ಲ. ಒಡಹುಟ್ಟಿದ ತಂಗಿಯ ಮೇಲೆ ಅಕ್ಕನಾದವಳು ಹೊಟ್ಟೆಕಿಚ್ಚು ಪಡಬಾರದು ಎಂದು ಬುದ್ಧಿ ಹೇಳುವವರಿಗೆ ಒಂದೋ ತಂಗಿಯೇ ಇಲ್ಲ, ಇಲ್ಲವೇ ಆ ತಂಗಿ ಅವರ ತಾಯಿಯ ಬಾಯಿಗೆ ಬ್ಲೂಬೆರ್ರಿ ಇಟ್ಟಿಲ್ಲ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ತಂಗಿಯ ಮನೆ. ಅವಳೂ ಅವಳ ಗಂಡನೂ ಮಹಡಿಯ ಮೇಲೆ ಕೋಣೆಗಳನ್ನು ಕಟ್ಟಿಸಿ ಹೋಂಸ್ಟೇ ನಡೆಸುತ್ತಾರೆ. ದೇವಸ್ಥಾನ ನೋಡಲು ಬಂದವರು, ಬಸದಿಗಳ ಫೋಟೋ ತೆಗೆಯಲು ಬಂದವರು, ಬೇಲೂರಿನಲ್ಲಿ ರೂಮು ಸಿಗದೆ ಇತ್ತ ತಿರುಗಿದವರು ಅಲ್ಲಿ ಉಳಿಯುತ್ತಾರೆ. ಮೊದಮೊದಲು ಎಲ್ಲರಿಗೂ ಅಕ್ಕಿರೊಟ್ಟಿ, ಉಪ್ಪಿಟ್ಟು ಕೊಡುತ್ತಿದ್ದಳು. ಆಮೇಲೆ ಹೊರದೇಶದ ಒಬ್ಬ ಹೆಂಗಸು ಇವಳ ಅಡುಗೆಮನೆಗೇ ಬಂದು ಪ್ಯಾನ್‌ಕೇಕ್ ಮಾಡುವುದನ್ನು ಹೇಳಿಕೊಟ್ಟಳಂತೆ. ಪ್ಯಾನ್‌ಕೇಕ್ ಎಂದರೆ ದೊಡ್ಡ ವಿದ್ಯೆಯೇನಲ್ಲ, ಮೈದಾಹಿಟ್ಟಿನ ದಪ್ಪನೆಯ ಸಿಹಿ ದೋಸೆ. ಆದರೆ ಅದಕ್ಕೆ ಬ್ಲೂಬೆರ್ರಿ ಎಂಬ ಹೊರದೇಶದ ನೀಲಿ ಹಣ್ಣು ಬೇಕು. ಹಾಸನದಿಂದ ಹೋಟೆಲುಗಳಿಗೆ ಸಾಮಾನು ಹಾಕುವ ವ್ಯಾನಿನವನು ಬೇಲೂರಿನವರೆಗೆ ಬರುತ್ತಾನೆ, ಅವನಿಗೆ ಹೇಳಿದರೆ ಫ್ರೋಜನ್ ಪ್ಯಾಕೆಟ್ಟು ತಂದುಕೊಡುತ್ತಾನೆ, ಸಿಕ್ಕಿದಾಗ ತಾಜಾ ಹಣ್ಣಿನ ಡಬ್ಬಿಯನ್ನೂ ತರುತ್ತಾನೆ. ಹೀಗೆ ಹಾಲಿನ ಪ್ಯಾಕೆಟ್ಟಿಗೂ ಜಾಗವಿಲ್ಲದಿದ್ದ ಮನೆಗೆ ಒಬ್ಬ ಮನುಷ್ಯ ಮಲಗುವಷ್ಟು ದೊಡ್ಡ ಫ್ರೀಜರು ಬಂತು. ಅಲ್ಲಿಯವರೆಗೂ ನನಗೆ ತೊಂದರೆ ಇರಲಿಲ್ಲ. ಅತಿಥಿಗಳು ಏನು ಬೇಕಾದರೂ ತಿನ್ನಲಿ.

ತೊಂದರೆ ಅವ್ವನಿಂದ ಶುರುವಾಯಿತು.

ಅಪ್ಪ ಹೋದ ಮೇಲೆ ಅವ್ವ ಅರಸೀಕೆರೆಯಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಗಂಡನದು ಕೊಬ್ಬರಿ ವ್ಯಾಪಾರ. ಮನೆಯ ಮುಂದಿನ ಅರ್ಧ ಭಾಗ ಕೊಬ್ಬರಿ ಮೂಟೆಗಳಿಗೆ, ಹಿಂದಿನ ಅರ್ಧ ನಮಗೆ. ಅವ್ವನ ತೋಟ ಕಣಕಟ್ಟೆಯ ಹತ್ತಿರ. ಆ ತೋಟದ ಮೂಲೆಯಲ್ಲಿ ಒಂದು ನೇರಳೆ ಮರವಿದೆ. ನಾವು ಚಿಕ್ಕವರಿದ್ದಾಗ ಮುಂಗಾರು ಹಿಡಿಯುವ ಹೊತ್ತಿಗೆ ಅದು ಕಪ್ಪಗೆ ಹಣ್ಣಾಗಿ ನಿಲ್ಲುತ್ತಿತ್ತು. ಅವ್ವ ಹಳೆಯ ಸೀರೆಯೊಂದನ್ನು ಮರದ ಕೆಳಗೆ ಹಾಸಿ, ಅಪ್ಪನಿಗೆ ಕೊಂಬೆ ಅಲ್ಲಾಡಿಸಲು ಹೇಳುತ್ತಿದ್ದಳು. ಬಿದ್ದ ಹಣ್ಣನ್ನು ಬಟ್ಟಲಿಗೆ ಹಾಕಿ, ಉಪ್ಪು ಉದುರಿಸಿ, ಮೇಲೊಂದು ತಟ್ಟೆ ಮುಚ್ಚಿ ಗಡಗಡ ಕುಲುಕಿದರೆ ಹಣ್ಣು ನೀರೊಡೆದು ಉಪ್ಪು ಹೀರುತ್ತಿತ್ತು. ಬೇರೆ ಯಾವ ಹೊತ್ತಿನಲ್ಲೂ ಮಕ್ಕಳಿಗೆ ಕೊಟ್ಟು ಉಳಿದದ್ದನ್ನು ತಿನ್ನುವ ಅವ್ವ, ನೇರಳೆಯ ವಿಷಯದಲ್ಲಿ ಮಾತ್ರ ತನ್ನ ಪಾಲು ಬಿಡುತ್ತಿರಲಿಲ್ಲ. ನಮ್ಮೊಡನೆ ಸಮಸಮ ತಿನ್ನುತ್ತಿದ್ದಳು. ಆಮೇಲೆ ಮೂವರೂ ನಾಲಿಗೆ ಚಾಚಿ ಯಾರದು ಹೆಚ್ಚು ಬಣ್ಣ ಎಂದು ನೋಡಿಕೊಳ್ಳುತ್ತಿದ್ದೆವು. ಗೆದ್ದವಳು ತಂಗಿ ಎಂದೇ ಅವ್ವ ಹೇಳುತ್ತಿದ್ದಳು. ನನ್ನ ನಾಲಿಗೆಯನ್ನು ಅವಳು ಸರಿಯಾಗಿ ನೋಡಿದ್ದಳೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಅಂಥ ಅವ್ವ ಒಂದು ವರ್ಷ ಕಾಶಿಗೆ ಹೊರಟಳು. ಕಣಕಟ್ಟೆ ಕಡೆಯ ಹೆಂಗಸರೆಲ್ಲ ಸೇರಿ ಹೋದ ಯಾತ್ರೆ. ಹೊರಟ ಹೊತ್ತು ನನಗೆ ಸರಿಬರಲಿಲ್ಲ. ತಂಗಿ ಆಗ ಬಸುರಿ. ಹಿಂದೆ ಎರಡು ಸಲ ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಂಡಿದ್ದಳು, ಈ ಸಲ ಡಾಕ್ಟರು ಮಂಚದಿಂದ ಇಳಿಯಲೇಬಾರದು ಎಂದಿದ್ದರು. ಅವಳನ್ನು ನಮ್ಮ ಮನೆಯಲ್ಲೇ ಮಲಗಿಸಿಕೊಂಡಿದ್ದೆವು. ಅಂಥ ಮಗಳನ್ನು ನನ್ನ ತಲೆಗೆ ಕಟ್ಟಿ ಅವ್ವ ಗಂಗೆಯಲ್ಲಿ ಮುಳುಗಲು ಹೋದಳು. ನಾನು ಗಂಜಿ ಕಾಯಿಸಿದೆ, ಕಾಲು ಒತ್ತಿದೆ, ಸ್ನಾನ ಮಾಡಿಸಿದೆ. ಒಳಗೊಳಗೇ ಬೈದುಕೊಂಡೂ ಮಾಡಿದೆ.

ಕಾಶಿಗೆ ಹೋದವರು ಅಲ್ಲಿ ತಮಗೆ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿಯನ್ನು ಬಿಟ್ಟು ಬರಬೇಕು, ಬಿಟ್ಟಿದ್ದನ್ನು ಮತ್ತೆ ಜನ್ಮದಲ್ಲಿ ಬಾಯಿಗೆ ಹಾಕಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಬುದ್ಧಿವಂತರು ಇದರಲ್ಲೂ ದಾರಿ ಹುಡುಕುತ್ತಾರೆ. ಅವ್ವನ ಜೊತೆ ಹೋಗಿದ್ದವರಲ್ಲಿ ಒಬ್ಬಾಕೆ ಸೇಬು ಬಿಟ್ಟಳಂತೆ, ಅವಳ ಬಾಯಲ್ಲಿ ಸೇಬು ಕಚ್ಚುವ ಹಲ್ಲೇ ಇರಲಿಲ್ಲ. ಇನ್ನೊಬ್ಬಾಕೆ ಹಲಸು ಬಿಟ್ಟಳು, ತಿಂದರೆ ಮೊದಲೇ ಹೊಟ್ಟೆ ಕೆಡುತ್ತಿತ್ತು. ನಮ್ಮ ಅವ್ವ ನೇರಳೆ ಬಿಟ್ಟು ಬಂದಳು.

"ಬಾಳೇಹಣ್ಣೋ ಪರಂಗಿಯೋ ಬಿಡಬಾರದಿತ್ತಾ?" ಎಂದು ನಾನು ಕೂಗಾಡಿದೆ.

"ಬಿಡೋದು ಅಂದ್ರೆ ಇಷ್ಟ ಆಗಿದ್ದನ್ನೇ ಬಿಡ್ಬೇಕು ಕಣೇ. ದ್ಯಾವ್ರಿಗೆ ಟೋಪಿ ಹಾಕಕ್ಕಾಯ್ತದಾ?" ಎಂದಳು.

ತರಕಾರಿ ಯಾವುದು ಬಿಟ್ಟೆ ಎಂದು ನಾನು ಕೇಳಲೇ ಇಲ್ಲ. ನೇರಳೆಯ ಸುದ್ದಿಯೇ ನನಗೆ ಸಾಕಾಗಿತ್ತು. ತಂಗಿಗೆ ದಿನ ತುಂಬಿ ಹೆಣ್ಣು ಮಗು ಹುಟ್ಟಿತು, ಬಸ್ತಿಹಳ್ಳಿಗೆ ಹೊರಟುಹೋದಳು. ಅವ್ವ ತೋಟಕ್ಕೆ ಹೋದರೂ ಆ ಮರದ ನೆರಳಿಗೆ ಹೋಗುವುದನ್ನು ಬಿಟ್ಟಳು. ಹಣ್ಣು ಮಾಗಿಸಿಕೊಂಡು ಮರ ತಾನೇ ಉದುರಿಸಿಕೊಂಡಿತು, ನೆಲವೆಲ್ಲ ನೇರಳೆ ಬಣ್ಣವಾಯಿತು. ಅವ್ವ ದೂರದಿಂದ ನೋಡಿ ಎಂಜಲು ನುಂಗಿ ಬರುತ್ತಿದ್ದಳು. ಅದನ್ನು ನೋಡುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಆ ಬಾಯಿಗೆ ನೇರಳೆಯಲ್ಲದ ನೇರಳೆ ಒಂದನ್ನು ಹುಡುಕಿ ಕೊಡುತ್ತೇನೆ ಎಂದು ನಾನು ಹಟ ಹಿಡಿದೆ. ನಮ್ಮೂರ ಹತ್ತಿರದ ಮಾಲೇಕಲ್ಲಿನ ಬೆಟ್ಟದ ಬುಡದ ಪೊದೆಗಳಲ್ಲಿ ಕವಳೆ ಹಣ್ಣು ಬಿಡುತ್ತದೆ. ಮುಳ್ಳಿನ ಗಿಡ, ಹಣ್ಣು ಕಪ್ಪಗೆ ಗುಂಡಗೆ, ಕಿತ್ತರೆ ಹಾಲು ಬಂದು ಬೆರಳಿಗೆ ಅಂಟುತ್ತದೆ. ಪ್ರತಿ ವರ್ಷ ಹೋಗಿ, ಕೈಯೆಲ್ಲ ಗೀರಿಸಿಕೊಂಡು, ಸೆರಗು ಹರಿಸಿಕೊಂಡು ಕಿತ್ತು ತಂದೆ. ಗೊಜ್ಜು ಮಾಡಿದೆ, ಪಾನಕ ಮಾಡಿದೆ, ಉಪ್ಪು ಹಾಕಿ ಕುಲುಕಿ ಕೊಟ್ಟೆ. ಅವ್ವ ಒಂದೆರಡು ತಿಂದು "ಚೆನ್ನಾಗೈತೆ ಕಣೇ" ಎಂದು ಬಟ್ಟಲು ಸರಿಸಿದಳು. ಕಪ್ಪು ದ್ರಾಕ್ಷಿಗೆ ಉಪ್ಪು ಖಾರ ಹಚ್ಚಿ ಕೊಟ್ಟೆ. "ಚೆನ್ನಾಗೈತೆ ಕಣೇ." ಕಾರೆ ಹಣ್ಣನ್ನೂ ಬಿಡಲಿಲ್ಲ. ಅದಕ್ಕೂ ಅದೇ ಮಾತು. ಅವ್ವ ಯಾವುದನ್ನಾದರೂ ಚೆನ್ನಾಗೈತೆ ಎಂದರೆ ಅದು ಅವಳಿಗೆ ಬೇಡ ಎಂದೇ ಅರ್ಥ. ನಿಜವಾಗಿ ಚೆನ್ನಾಗಿದ್ದರೆ ಅವಳು ಮಾತಾಡುವುದಿಲ್ಲ, ತಿನ್ನುತ್ತಾಳೆ.

ಹೀಗಿರುವಾಗ ಒಂದು ಸಲ ನಾವಿಬ್ಬರೂ ಬಾಣಾವರ, ಜಾವಗಲ್ ಮೇಲೆ ಬಸ್ಸು ಹಿಡಿದು ತಂಗಿಯ ಮನೆಗೆ ಹೋದೆವು. ಕೈಕಾಲು ತೊಳೆದು ಕೂತಿದ್ದೆವಷ್ಟೆ, ತಂಗಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಅವ್ವನ ಮಡಿಲಿಗೆ ಇಟ್ಟಳು. ಒಳಗೆ ತಾಜಾ ಬ್ಲೂಬೆರ್ರಿ. ದೊಡ್ಡ ಕಡಲೆಯ ಗಾತ್ರ, ಕಡುನೀಲಿ, ಮೇಲೆ ವಿಭೂತಿ ಸವರಿದ ಹಾಗೆ ಬೂದು ಪುಡಿ. ತುದಿಯಲ್ಲಿ ಚಿಕ್ಕದೊಂದು ಹೂವಿನ ಗುರುತು.

"ಇದು ನ್ಯಾರಳೆ ಜಾತಿ ಏನೇ?" ಎಂದು ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಲ್ಲ ಕಣವ್ವ, ಗಿಡಾನೇ ಬೇರೆ. ನೋಡು, ಬೀಜಾನೂ ಇಲ್ಲ" ಎಂದು ತಂಗಿ ಒಂದನ್ನು ಕಚ್ಚಿ ತೋರಿಸಿದಳು. ಒಳಗೆ ತಿರುಳು ಬೆಳ್ಳಗೆ, ಸ್ವಲ್ಪ ಹಸಿರು.

ಅವ್ವ ತಕ್ಷಣ ನಂಬಿಬಿಟ್ಟಳು. ನಾನು ದ್ರಾಕ್ಷಿ ಕೊಟ್ಟಾಗಲೂ ಇದು ನ್ಯಾರಳೆ ಅಲ್ಲ ತಾನೇ ಎಂದು ತಿರುಗಿಸಿ ಮುರುಗಿಸಿ ನೋಡಿದ್ದವಳು! ಉಪ್ಪು ಕೇಳಿ ತರಿಸಿಕೊಂಡಳು. ಡಬ್ಬಿಗೇ ಉಪ್ಪು ಹಾಕಿ ಮುಚ್ಚಳ ಮುಚ್ಚಿ ಕುಲುಕಿದಳು. ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. "ಚೆನ್ನಾಗೈತೆ" ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ. ಅನ್ನಲಿಲ್ಲ. ಇನ್ನೊಂದು ತೆಗೆದುಕೊಂಡಳು. ಮತ್ತೊಂದು. ಡಬ್ಬಿಯ ತಳ ಕಾಣುವವರೆಗೂ ಒಂದು ಮಾತಿಲ್ಲ.

"ಎಷ್ಟು ವರ್ಸಾಯ್ತು ಕಣವ್ವ" ಎಂದಳು ಕೊನೆಗೆ, ತಂಗಿಯ ಗಲ್ಲ ಹಿಡಿದು.

ಅಯ್ಯೋ, ನನ್ನ ಹೊಟ್ಟೆ ಉರಿದ ಪರಿ! ನಾನು ಮುಳ್ಳಿನಲ್ಲಿ ಕೈ ಕೊಯ್ದುಕೊಂಡದ್ದು ವರ್ಷಗಟ್ಟಲೆ. ಇವಳು ಮಾಡಿದ್ದೇನು? ವ್ಯಾನಿನವನು ತಂದ ಡಬ್ಬಿಯ ಮುಚ್ಚಳ ತೆಗೆದಳು. ಗಲ್ಲ ಹಿಡಿಸಿಕೊಳ್ಳಲು ಅಷ್ಟು ಸಾಕಾಯಿತು. ಅತ್ತ ಕಡೆಯಿಂದ ವಾಪಸು ಬರುವಾಗ ಜಾವಗಲ್ಲಿನಿಂದ ಬಾಣಾವರದವರೆಗೂ ಅವ್ವ ಆ ಹಣ್ಣಿನ ಮಾತೇ ಆಡಿದಳು. ನಾನು ಕಿಟಕಿಯ ಆಚೆ ತೆಂಗಿನ ಮರಗಳನ್ನು ನೋಡುತ್ತ ಹೂಂಗುಟ್ಟಿದೆ.

ಸುಮ್ಮನೆ ಕೂರುವವಳು ನಾನಲ್ಲ. ಮದುವೆಯೊಂದಕ್ಕೆ ಹಾಸನಕ್ಕೆ ಹೋದಾಗ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಫ್ರೋಜನ್ ಬ್ಲೂಬೆರ್ರಿಯ ಪ್ಯಾಕೆಟ್ಟು ಹಿಡಿದೆ. ಕಲ್ಲಿನಂತೆ ಗಟ್ಟಿಯಿತ್ತು. ರೇಷ್ಮೆ ಸೀರೆಯ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಬೇಸಿಗೆ. ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಎದ್ದು ನಿಂತು, "ಏನ್ರೀ ಇದು, ನಿಮ್ ಚೀಲದಿಂದ ಏನೋ ಸುರೀತೈತಲ್ರೀ" ಎಂದಳು. ಅವಳ ಬಿಳಿ ಸೀರೆಯ ನೆರಿಗೆಯ ಮೇಲೆ ನೀಲಿ ಹನಿಗಳು. ಅರಸೀಕೆರೆ ಸ್ಟ್ಯಾಂಡಿನಲ್ಲಿ ಇಳಿಯುವವರೆಗೂ ಅವಳು ಬೈದಳು, ನಾನು ಕೇಳಿಸಿಕೊಂಡೆ. ರೇಷ್ಮೆ ಸೀರೆಯ ಗತಿ ಏನಾಯಿತೆಂದು ಹೇಳುವುದು ಬೇಡ.

ಮನೆಗೆ ಬಂದು ಉಳಿದದ್ದನ್ನು ಬೆಲ್ಲ, ಹುಣಸೆ, ಒಗ್ಗರಣೆ ಹಾಕಿ ಗೊಜ್ಜು ಮಾಡಿದೆ. ಹಣ್ಣಿನಲ್ಲಿದ್ದ ನೀರೆಲ್ಲ ಬಿಟ್ಟು ಗೊಜ್ಜು ತಿಳಿಸಾರಿನಂತಾಯಿತು. ಹಣ್ಣು ಎಂಬುದು ಬರೀ ಸಿಪ್ಪೆಯಾಗಿ ತೇಲುತ್ತಿತ್ತು. ಅವ್ವ ಅನ್ನಕ್ಕೆ ಕಲಸಿಕೊಂಡು ತಿಂದಳು.

"ಇದೂ ಚೆನ್ನಾಗೈತೆ ಕಣೇ" ಎಂದಳು.

ಅದರಲ್ಲೂ ಆ "ಇದೂ" ನನ್ನನ್ನು ಚುಚ್ಚಿತು. ತಂಗಿಗೆ ಈ ಸುದ್ದಿ ಹೇಗೆ ಹೋಯಿತೋ, ಸಂಜೆಯೇ ಫೋನು ಬಂತು. "ಅಕ್ಕ, ಫ್ರೋಜನ್ ಹಣ್ಣನ್ನ ಕರಗಿಸಬಾರ್ದು ಕಣೇ. ಗಟ್ಟಿ ಇರೋವಾಗ್ಲೇ ಒಂಚೂರು ಹಿಟ್ಟು ಸವರಿ ಹಂಗೇ ಹಾಕ್ಬಿಡ್ಬೇಕು, ಆಗ ನೀರು ಬಿಡಲ್ಲ. ತಾಜಾ ಆದ್ರೆ ತಿನ್ನೋವರ್ಗೂ ತೊಳೀಬೇಡ, ಬೇಗ ಕೊಳೆಯುತ್ತೆ." ಸ್ಟವ್ ಹಚ್ಚಲು ಹೆದರುತ್ತಿದ್ದ ಇವಳಿಗೆ ಕೈ ಹಿಡಿದು ಕಡ್ಡಿ ಗೀರಲು ಕಲಿಸಿದವಳು ನಾನು. ಈಗ ಇವಳು ನನಗೆ ಪಾಠ ಹೇಳುತ್ತಾಳೆ. ಪಾಠ ಸರಿಯಾಗಿಯೇ ಇತ್ತು ಎಂಬುದು ಇನ್ನೂ ಸಿಟ್ಟು ಬರಿಸಿತು.

ಆಮೇಲಿನ ಚಳಿಗಾಲದಲ್ಲಿ, ರಜೆಯ ಸಮಯ, ಅವಳ ಮನೆಯ ಕೋಣೆಗಳೆಲ್ಲ ಭರ್ತಿಯಾಗಿ ಕೈಗೆ ಜನ ಸಾಲದೆ ನನ್ನನ್ನು ಕರೆದಳು. ಹೋದೆ. ರೊಟ್ಟಿ ತಟ್ಟಿದೆ, ಚಟ್ನಿ ಅರೆದೆ, ಅವಳ ಸಿಹಿ ದೋಸೆಯನ್ನೂ ಹೊಯ್ದೆ. ಅತಿಥಿಗಳು ತಟ್ಟೆ ಎತ್ತಿಕೊಂಡು ಬಂದು ಅವಳನ್ನು ಹೊಗಳಿದರು, ನನಗೆ ಕೈ ಮುಗಿದು ಹೋದರು. ಅದನ್ನೂ ಸಹಿಸಿಕೊಂಡೆ. ಹೊರಡುವ ದಿನ ತಂಗಿ ಫ್ರೀಜರಿನ ತಳದಿಂದ ಒಂದು ಪ್ಯಾಕೆಟ್ಟು ಎತ್ತಿದಳು.

"ಅಕ್ಕ, ಇದು ಕಾಡಿನ ಬ್ಲೂಬೆರ್ರಿಯಂತೆ. ಒಬ್ರು ಗೆಸ್ಟು ಇದೇ ಒಳ್ಳೇದು, ತರಿಸಿ ಅಂದ್ರು. ತರಿಸಿದ್ರೆ ನೋಡು, ಮೆಣಸಿನ ಕಾಳಿನಷ್ಟಿದೆ. ಹುಳಿ ಬೇರೆ. ಹಿಟ್ಟಿಗೆ ಹಾಕಿದ್ರೆ ಹಿಟ್ಟೆಲ್ಲ ಬೂದಿ ಬಣ್ಣ ಆಗುತ್ತೆ. ನಂಗ್ ಬೇಡ ಕಣೇ, ನೀನೇ ತಗೊಂಡ್ ಹೋಗು."

ಅವಳಿಗೆ ಬೇಡವಾದದ್ದು ನನಗೆ. ಚಿಕ್ಕಂದಿನಲ್ಲಿ ಅಕ್ಕನ ಬಟ್ಟೆ ತಂಗಿಗೆ ಬರುವುದು ಎಲ್ಲರ ಮನೆಯ ಪದ್ಧತಿ, ನಮ್ಮಲ್ಲಿ ಅದೂ ತಿರುಗುಮುರುಗು. ಬೇಡ ಎಂದು ಹೇಳಿ ಎದ್ದು ಬರಬೇಕೆಂದುಕೊಂಡೆ. ಅಷ್ಟರಲ್ಲಿ ಒಂದು ಹಣ್ಣು ಕೈಗೆ ತೆಗೆದುಕೊಂಡು ಉಗುರಿನಿಂದ ಸೀಳಿ ನೋಡಿದೆ. ತಾಜಾ ಹಣ್ಣಿನ ಹಾಗೆ ಒಳಗೆ ಬೆಳ್ಳಗಿರಲಿಲ್ಲ. ಸಿಪ್ಪೆಯಿಂದ ತಿರುಳಿನವರೆಗೂ ಒಂದೇ ಬಣ್ಣ, ಬೆರಳ ತುದಿ ನೇರಳೆಯಾಯಿತು. ಬೇಡವೆನ್ನುವ ಮಾತನ್ನು ನುಂಗಿಕೊಂಡು ಥರ್ಮೋಕೋಲ್ ಡಬ್ಬಿ ಕೇಳಿದೆ. ಈ ಸಲ ಐಸು ತುಂಬಿಸಿ, ಡಬ್ಬಿಗೆ ಟವೆಲ್ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ದಾರಿಯುದ್ದಕ್ಕೂ ಯೋಚಿಸಿದೆ. ತಂಗಿಯ ಡಬ್ಬಿಯ ಹಣ್ಣು ಸಿಹಿ, ರಸ, ಎಲ್ಲ ಸರಿ. ಆದರೆ ನೇರಳೆಯ ಒಗರು ಅದರಲ್ಲಿ ಎಲ್ಲಿತ್ತು? ತಿಂದಾಗ ಗಂಟಲು ಹಿಡಿಯಬೇಕು, ಮಾತು ಒಂದು ಗಳಿಗೆ ನಿಲ್ಲಬೇಕು, ನಾಲಿಗೆ ಒರಟಾಗಬೇಕು. ಅವ್ವ ಇಷ್ಟು ವರ್ಷ ಬಯಸುತ್ತಿದ್ದದ್ದು ಒಗರನ್ನು. ಅವಳ ಬಾಯಿಯ ಪಕ್ಕದಲ್ಲೇ ಬದುಕುತ್ತಿರುವ ನನಗೆ ಅದು ಗೊತ್ತು, ಬಸ್ತಿಹಳ್ಳಿಯವಳಿಗೆ ಗೊತ್ತಿಲ್ಲ.

ಮನೆಗೆ ಬಂದು ಎರಡು ಹಿಡಿ ಹಣ್ಣು ತೆಗೆದು, ಅದರಲ್ಲಿ ಅರ್ಧವನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿದೆ. ಚಿಟಿಕೆ ಬೆಲ್ಲ, ಉಪ್ಪು. ಎರಡು ಬೆಟ್ಟದ ನೆಲ್ಲಿಕಾಯಿ ತುರಿದು, ಬಟ್ಟೆಯಲ್ಲಿ ಹಿಂಡಿ ಅದರ ರಸ ಸೇರಿಸಿದೆ. ಒಗರು ಬರುವುದು ಅಲ್ಲಿಂದ. ಒಲೆ ಆರಿಸಿದ ಮೇಲೆ ಉಳಿದರ್ಧ ಹಣ್ಣನ್ನು ಮಂಜುಗಟ್ಟಿದ ಹಾಗೇ ಮೇಲೆ ಸುರಿದು ಬಟ್ಟಲಿಗೆ ಹಾಕಿ, ತಟ್ಟೆ ಮುಚ್ಚಿ, ಚೆನ್ನಾಗಿ ಕುಲುಕಿದೆ. ಹಣ್ಣು ಒಡೆಯಲಿಲ್ಲ, ರಸ ಮಾತ್ರ ಹಿಡಿಯಿತು.

ಅವ್ವ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಬಟ್ಟಲು ಕೊಟ್ಟೆ.

"ನ್ಯಾರಳೆ ಅಲ್ಲ ತಾನೇ?" ಎಂದಳು. ನಾನು ಕೊಟ್ಟರೆ ಈ ಪ್ರಶ್ನೆ ಇದ್ದೇ ಇದೆ.

"ಅದೇ ನೀಲಿ ಹಣ್ಣು ಕಣವ್ವ, ಸಣ್ಣ ಜಾತಿ" ಎಂದೆ. ಎಲ್ಲಿಂದ ತಂದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಚಮಚವನ್ನು ಬಟ್ಟಲಿಗೆ ಇಡದೆ ಹಾಗೇ ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಚಮಚ ಬದಿಗಿಟ್ಟು ಕೈಯಲ್ಲೇ ತಿನ್ನತೊಡಗಿದಳು. ಬೆರಳು ನೆಕ್ಕಿದಳು, ಬಟ್ಟಲಿನ ಅಂಚು ಸವರಿದಳು.

"ಗಂಟ್ಲು ಕಟ್ತು ಕಣೇ!" ಎಂದಳು.

ಈ ಮಾತು ತಂಗಿಯ ಡಬ್ಬಿಗೆ ಸಿಕ್ಕಿರಲಿಲ್ಲ. ಗೆದ್ದೆ ಅನ್ನಿಸಿತು. ಅಡುಗೆಮನೆಗೆ ಹೋಗಿ ಬಾಣಲೆ ತಿಕ್ಕುತ್ತ ಒಬ್ಬಳೇ ನಕ್ಕೆ. ಈಗಲೇ ತಂಗಿಗೆ ಫೋನು ಮಾಡಿ, ನೀನು ಬೇಡವೆಂದ ಹಣ್ಣಿನಲ್ಲಿ ಏನಿತ್ತು ಗೊತ್ತೇನೇ ಎಂದು ಕೇಳಬೇಕು, ಕೇಳಿ ಅವಳ ಮುಖ ಊದಿಸಬೇಕು ಎಂದುಕೊಳ್ಳುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅವ್ವ ತಲೆ ಬಾಚಿಕೊಳ್ಳಲು ಹಿತ್ತಲ ಬಾಗಿಲಿನ ಕನ್ನಡಿಯ ಮುಂದೆ ನಿಂತಳು. ಒಂದು ಕೂಗು ಕೇಳಿಸಿತು. ಓಡಿಹೋದೆ. ಅವ್ವ ನಾಲಿಗೆ ಚಾಚಿಕೊಂಡು ಕನ್ನಡಿ ನೋಡುತ್ತಿದ್ದಳು. ನಾಲಿಗೆ ಕಡುನೇರಳೆ. ಹಲ್ಲಿನ ಸಂದಿಯೂ ನೇರಳೆ. ತಂಗಿಯ ಮನೆಯ ಹಣ್ಣು ತಿಂದಾಗ ಹೀಗೆ ಬಣ್ಣ ಹತ್ತಿರಲಿಲ್ಲ.

"ಏನ್ ತಿನ್ನಿಸ್ದೇ ನಂಗೆ? ಇದು ನ್ಯಾರಳೇನೇ ಕಣೇ! ನಾನು ಬಿಟ್ಟಿದ್ದನ್ನ ತಿನ್ನಿಸ್ಬಿಟ್ಟಲ್ಲೇ!"

"ಅಲ್ಲ ಕಣವ್ವ, ಆಣೆ ಮಾಡ್ತೀನಿ, ಅದು ಬೇರೆ ಗಿಡ."

"ಅವ್ಳಿಗೆ ಫೋನ್ ಮಾಡು. ಮೊದ್ಲು ಮಾಡೇ! ಮಗು ಹೆಂಗೈತೆ ಕೇಳು."

ನಾನು ಫೋನು ಹಚ್ಚಿ ಕೊಟ್ಟೆ. ಆ ಕಡೆ ತಂಗಿ ಎತ್ತಿದ ಕೂಡಲೇ ಅವ್ವ, "ಚೆನ್ನಾಗಿದ್ದೀಯ ತಾನೇ ನೀನು?" ಎಂದಳು. ಅಂಥ ದನಿಯನ್ನು ನಾನು ಅವಳ ಬಾಯಲ್ಲಿ ಹಿಂದೆ ಕೇಳಿರಲಿಲ್ಲ. ತಂಗಿ ಚೆನ್ನಾಗಿದ್ದಳು. ಮಗಳು ಹೋಂವರ್ಕ್ ಮಾಡದೆ ಬೈಸಿಕೊಳ್ಳುತ್ತಿದ್ದಳು. ಅವ್ವ ನಾಲಿಗೆಯ ವಿಷಯ ಹೇಳಿದಾಗ ತಂಗಿ ಬಿದ್ದುಬಿದ್ದು ನಕ್ಕಳು, ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಅಯ್ಯೋ ಅವ್ವ, ಅದು ನಾನೇ ಅಕ್ಕನಿಗೆ ಕೊಟ್ಟು ಕಳ್ಸಿದ್ದು. ಅದೂ ಬ್ಲೂಬೆರ್ರಿನೇ. ನೇರಳೆ ಮರಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ" ಎಂದಳು.

ಅವ್ವ ಉಸಿರು ಬಿಟ್ಟು ಕೂತಳು. ನಾನು ಆಣೆ ಮಾಡಿದಾಗ ನಂಬದವಳು, ಅವಳು ನಕ್ಕ ಕೂಡಲೇ ನಂಬಿದಳು. ಹಣ್ಣು ಎಲ್ಲಿಂದ ಬಂತು ಎಂಬುದೂ ಗೊತ್ತಾಗಿಹೋಯಿತು. ನನ್ನ ಗೆಲುವು ಕತ್ತಲಾಗುವುದರೊಳಗೆ ಅವಳ ಪಾಲಾಯಿತು.

ಆದರೆ ನನ್ನ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ನೇರಳೆ ತಿಂದರೆ ತಂಗಿಗೆ ಏಕೆ ಏನಾದರೂ ಆಗಬೇಕು?

"ಕಾಶಿನಲ್ಲಿ ನೇರಳೆ ಬಿಟ್ಟಿದ್ದು ಅವಳಿಗೋಸ್ಕರಾನಾ?" ಎಂದು ಕೇಳಿದೆ.

ಅವ್ವ ಸೆರಗಿನಿಂದ ನಾಲಿಗೆ ಒರೆಸಿಕೊಳ್ಳುತ್ತಿದ್ದಳು. "ಇನ್ಯಾರಿಗೆ? ಹೊಟ್ಟೆನಲ್ಲಿ ಮಗು ನಿಲ್ತಿರ್ಲಿಲ್ವಲ್ಲ. ಗಂಗೇಲಿ ನಿಂತ್ಕೊಂಡು, ತಾಯಿ, ನಂಗೆ ಎಲ್ಲಕ್ಕಿಂತ ರುಚಿಯಾಗಿರೋದು ನಿಂಗೆ, ಅವ್ಳ ಮಗೂನ ಅವ್ಳಿಗೆ ಬಿಡು ಅಂದೆ."

ತಂಗಿಯ ಮಗಳಿಗೂ ನನಗೂ ತುಂಬ ಸ್ನೇಹ. ಅವಳು ಹುಟ್ಟಿದ್ದು ಒಳ್ಳೆಯದಾಯಿತು ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ. ಆದರೂ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

"ನಂಗೆ?"

"ನಿಂಗೂ ಬಿಟ್ಟಿವ್ನಿ. ಒಂದು ಹಣ್ಣು, ಒಂದು ತರ್ಕಾರಿ ತಾನೇ? ಹಣ್ಣು ಅವ್ಳ ಹೆಸ್ರಲ್ಲಿ, ತರ್ಕಾರಿ ನಿನ್ ಹೆಸ್ರಲ್ಲಿ."

"ಯಾವ ತರಕಾರಿ?"

"ಹಾಗಲ್‌ಕಾಯಿ."

ನಾನು ಹುಟ್ಟಿದಾಗಿನಿಂದ ಅವ್ವ ಹಾಗಲಕಾಯಿ ತಿಂದದ್ದನ್ನು ನೋಡಿಲ್ಲ. ಅದರ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ತಂಗಿಗೆ ಎಲ್ಲಕ್ಕಿಂತ ರುಚಿಯಾದ ನೇರಳೆ, ನನಗೆ ಹಾಗಲಕಾಯಿ! ಹಲ್ಲಿಲ್ಲದವಳು ಸೇಬು ಬಿಟ್ಟ ಹಾಗೆ! ದೇವರಿಗೆ ಟೋಪಿ ಹಾಕಬಾರದು, ದೊಡ್ಡ ಮಗಳಿಗೆ ಮಾತ್ರ ಹಾಕಬಹುದು. ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ. ಇನ್ನೂ ಹೇಳಿದೆ. ತಂಗಿ ಮಂಚದಲ್ಲಿ ಮಲಗಿದ್ದಾಗ ಕಾಲು ಒತ್ತಿದವಳು ಯಾರು ಎಂದು ಕೇಳಿದೆ.

"ನಿನ್ ಬಗ್ಗೆ ನಂಗೇನೇ ಭಯ?" ಎಂದಳು ಅವ್ವ. ಅವಳಿಗೆ ನನ್ನ ಸಿಟ್ಟೇ ಅರ್ಥವಾಗಿರಲಿಲ್ಲ. "ನಿಂಗೆ ಎರಡು ಹೆರಿಗೇನೂ ಹೂವಿನಂಗಾಯ್ತು. ನಿನ್ ಕೈಗೆ ಅವ್ಳನ್ನ ಕೊಟ್ಟು ತಾನೇ ನಾನು ಕಾಶಿಗೆ ಹೋಗಿದ್ದು? ನೀನಿರ್ಲಿಲ್ಲ ಅಂದ್ರೆ ಹೋಯ್ತಿದ್ನಾ?"

ಇದು ಹೊಗಳಿಕೆಯೇ ಇರಬಹುದು. ನನಗೆ ಹಾಗೆ ಕೇಳಿಸಲಿಲ್ಲ. ಗಟ್ಟಿಯಾಗಿದ್ದವಳಿಗಾಗಿ ಯಾರೂ ಭಯಪಡುವುದಿಲ್ಲ ಎಂದು ಕೇಳಿಸಿತು. ನಾನು ಮುಖ ಊದಿಸಿಕೊಂಡು ಓಡಾಡಿದೆ. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಕಾಡು ಬ್ಲೂಬೆರ್ರಿಯನ್ನು ಅವ್ವ ಮುಟ್ಟಲಿಲ್ಲ, ಆ ಬಣ್ಣಕ್ಕೇ ಹೆದರಿದ್ದಳು. ನಾನೇ ನಿಂತುಕೊಂಡು ತಿಂದು ಮುಗಿಸಿದೆ. ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ಅಂದಿನ ತಂಗಿಯ ನಾಲಿಗೆಗಿಂತ ಹೆಚ್ಚು ಬಣ್ಣ, ನೋಡುವವರು ಯಾರೂ ಇರಲಿಲ್ಲ.

ಸಂತೆಯ ದಿನ ಹಾಗಲಕಾಯಿ ತಂದೆ. ಬೇಕೆಂದೇ ತಂದೆ, ಎಳೆಯದಲ್ಲ, ಚೆನ್ನಾಗಿ ಬಲಿತ ಕಹಿಯದು. ಅವಳ ಎದುರು ಕೂತು ತಿನ್ನಬೇಕು, ನನಗಾಗಿ ಬಿಟ್ಟದ್ದು ಎಂಥ ಭಾರಿ ವಸ್ತು ಎಂದು ತೋರಿಸಬೇಕು ಎಂಬ ಹಟ. ಹೆಚ್ಚಿ, ಉಪ್ಪು ಸವರಿ, ಹುಣಸೆ ಬೆಲ್ಲ ಹಾಕಿ ಗೊಜ್ಜು ಮಾಡಿದೆ. ಅವ್ವನಿಗೆ ಬೇರೆ ಬೇಳೆಸಾರು. ನನ್ನ ಗಂಡ ತಟ್ಟೆ ನೋಡಿ, "ಏನೇ ಇದು, ಯಾರ್ ಮೇಲೆ ಸಿಟ್ಟು?" ಎಂದರು. "ತಿನ್ರೀ ಸುಮ್ನೆ" ಎಂದೆ.

ಸಿಟ್ಟಿನಲ್ಲಿ ಕೈ ಸರಿಯಾಗಿ ಓಡುವುದಿಲ್ಲ. ಗೊಜ್ಜು ಬಡಿಸಿದ ಸೌಟನ್ನೇ ಸಾರಿಗೂ ಹಾಕಿ ಅವ್ವನ ಅನ್ನಕ್ಕೆ ಸುರಿದಿದ್ದೆ. ನನಗೆ ಗೊತ್ತಾದದ್ದು ಅವಳು ತುತ್ತು ಬಾಯಿಗಿಟ್ಟು ನಿಲ್ಲಿಸಿದಾಗ. ಕಹಿ ಹತ್ತಿರಬೇಕು. ಸಾರಿನಲ್ಲಿ ತೇಲುತ್ತಿದ್ದ ಹಾಗಲಕಾಯಿಯ ಒಂದು ಚೂರನ್ನು ಬೆರಳಿನಿಂದ ಎತ್ತಿ ನೋಡಿದಳು. ತಟ್ಟೆಯನ್ನು ಒಂದೇ ಸಲ ದೂರ ನೂಕಿದಳು. ಲೋಟದ ನೀರು ಚೆಲ್ಲಿತು, ಅನ್ನ ನೆಲಕ್ಕೆ ಬಿತ್ತು. ಎದ್ದು ಹಿತ್ತಲಿಗೆ ಓಡಿದಳು. ಅವಳು ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಮತ್ತೆ ಮುಕ್ಕಳಿಸುವುದು ಕೇಳಿಸುತ್ತಿತ್ತು.

ಒಳಗೆ ಬಂದವಳ ಮುಖ ಬಿಳಿಚಿಕೊಂಡಿತ್ತು. ನೇರವಾಗಿ ನನ್ನ ಬಳಿ ಬಂದು ಒದ್ದೆ ಕೈಯನ್ನು ನನ್ನ ಹಣೆಯ ಮೇಲಿಟ್ಟಳು, ಕೆನ್ನೆ ಮುಟ್ಟಿದಳು.

"ಚೆನ್ನಾಗಿದ್ದೀಯ ತಾನೇ ನೀನು?"

ಫೋನಿನಲ್ಲಿ ತಂಗಿಯನ್ನು ಕೇಳಿದ್ದ ಅದೇ ದನಿ.

"ಚೆನ್ನಾಗಿದ್ದೀನಿ ಕಣವ್ವ" ಎಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು ಮತ್ತೆ ಕೇಳಿದಳು. ಈ ಸಲ ನಾನು ಬೇಗ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಲಿ ಎಂದು ಸುಮ್ಮನಿದ್ದೆ.